ಬಟ್ಟೆ ತುಂಡುಗಳ ಜಡೆಯಿಂದ ಮ್ಯಾಟ್, ಸಿಂಬೆ, ಬುಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಬೆಡ್‌ಶೀಟ್, ಕಾಲರ್ ಹರಿದ ಶರ್ಟ್, ಹೊಲಿಗೆ ಮುಗಿದ ಮೇಲೆ ಉಳಿದ ತುಂಡುಗಳು. ಇವನ್ನೆಲ್ಲ ಪಟ್ಟಿ ಮಾಡಿ, ಜಡೆ ಹೆಣೆದು, ಸುತ್ತಿ ಹೊಲಿದರೆ ವರ್ಷಗಟ್ಟಲೆ ಬಾಳುವ ವಸ್ತು ಸಿಗುತ್ತದೆ. ಜಡೆ ಹೆಣೆಯುವುದು ಬಹಳ ಜನರಿಗೆ ಮೊದಲೇ ಗೊತ್ತು. ತೊಡಕು ಬರುವುದು ಅದರ ನಂತರ, ಒಂದು ಸುತ್ತನ್ನು ಇನ್ನೊಂದು ಸುತ್ತಿಗೆ ಸೇರಿಸುವಾಗ. ಅದಕ್ಕೇ ಆ ಭಾಗಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಯಾವ ಬಟ್ಟೆಯಿಂದ ಶುರು ಮಾಡಲಿ?

ಕಾಟನ್ ಬೆಡ್‌ಶೀಟ್‌ನಿಂದ. ಅದು ಉದ್ದ ಇರುತ್ತದೆ. ಒಗೆದು ಒಗೆದು ಮೆತ್ತಗಾಗಿರುತ್ತದೆ. ಕುಗ್ಗಬೇಕಾದಷ್ಟು ಕುಗ್ಗಿ ಮುಗಿದಿರುತ್ತದೆ. ಹಳೆ ಕಾಟನ್ ಸೀರೆ, ದುಪಟ್ಟಾ, ಶರ್ಟ್ ಕೂಡ ಚೆನ್ನಾಗಿ ಬರುತ್ತವೆ. ಟೀ-ಶರ್ಟ್ ಬಟ್ಟೆಯ ಜಡೆ ಮೆತ್ತಗೆ, ಕಾಲಿಗೆ ಹಿತ. ಆದರೆ ಅದು ಹಿಗ್ಗುತ್ತದೆ, ಎಳೆಯದೆ ಹೆಣೆಯುವ ಅಭ್ಯಾಸ ಬೇಕು. ಜೀನ್ಸ್ ಗಟ್ಟಿ, ಬೆರಳಿಗೆ ಕಷ್ಟ. ಶಿಫಾನ್, ಸ್ಯಾಟಿನ್ ಜಾರುತ್ತವೆ, ಅವನ್ನು ಆಮೇಲೆ ನೋಡೋಣ.

ನಿಜವಾಗಿ ನೋಡಬೇಕಾದದ್ದು ಬಟ್ಟೆಯ ಜಾತಿಗಿಂತ ಅದರ ದಪ್ಪ. ಒಂದು ಜಡೆಯ ಮೂರೂ ಎಳೆ ಒಂದೇ ತೂಕದವು ಆಗಿರಬೇಕು. ಒಂದು ಎಳೆ ತೆಳ್ಳಗಿದ್ದರೆ ಉಳಿದ ಎರಡು ಅದನ್ನು ನುಂಗುತ್ತವೆ, ಜಡೆ ಒಂದು ಕಡೆಗೆ ವಾಲುತ್ತದೆ. ತೆಳು ಬಟ್ಟೆಯನ್ನು ಅಗಲವಾಗಿ, ದಪ್ಪ ಬಟ್ಟೆಯನ್ನು ಕಿರಿದಾಗಿ ಕತ್ತರಿಸಿದರೆ ಇದು ಸರಿಹೋಗುತ್ತದೆ. ನಾನು ಬೆಡ್‌ಶೀಟ್‌ಗೆ 5 ಸೆಂ.ಮೀ., ಟೀ-ಶರ್ಟ್‌ಗೆ 3ರಿಂದ 4, ಜೀನ್ಸ್‌ಗೆ 2.5 ಇಟ್ಟುಕೊಳ್ಳುತ್ತೇನೆ. ತೀರಾ ತೆಳು ಬಟ್ಟೆಗೆ 7 ಸೆಂ.ಮೀ. ಬೇಕಾಗುತ್ತದೆ. ಅಳತೆಗಿಂತ ಬೆರಳು ಹೇಳುವುದೇ ಸರಿ. ಪಟ್ಟಿಯನ್ನು ಹೊಸೆದು ಹಿಡಿಯಿರಿ. ಮೂರೂ ಒಂದೇ ದಪ್ಪ ಅನಿಸಿದರೆ ಮುಂದುವರಿಯಿರಿ.

ಇದು ಕಾಟನ್ನೋ ಸಿಂಥೆಟಿಕ್ಕೋ ಅಂತ ತಿಳಿಯುವುದು ಹೇಗೆ?

ಎರಡು ಮೂರು ನೂಲು ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೆಳಗೆ ಲೋಹದ ತಟ್ಟೆ, ಪಕ್ಕದಲ್ಲಿ ನೀರು ಇರಲಿ. ಕಾಟನ್ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ. ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತವೆ. ಪಾಲಿಯೆಸ್ಟರ್, ನೈಲಾನ್ ಮುದುಡಿ ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಂತೆ ಆಗುತ್ತವೆ. ಕರಗಿದ ಹನಿಯನ್ನು ಮುಟ್ಟಬೇಡಿ, ಚರ್ಮಕ್ಕೆ ಅಂಟುತ್ತದೆ. ಕಾಟನ್-ಪಾಲಿಯೆಸ್ಟರ್ ಮಿಶ್ರಣವಾದರೆ ಕಾಗದದ ವಾಸನೆಯೂ ಬರುತ್ತದೆ, ಮಣಿಯೂ ಉಳಿಯುತ್ತದೆ. ಕಾಲೊರೆಸುವ ಮ್ಯಾಟ್‌ಗೆ ಮಿಶ್ರ ಬಟ್ಟೆ ಪರವಾಗಿಲ್ಲ. ಬಿಸಿ ಪಾತ್ರೆಯ ಕೆಳಗಿಡುವುದಕ್ಕೆ ಬೇಡವೇ ಬೇಡ.

ಮೊದಲು ಒಗೆಯಲೇಬೇಕಾ?

ಹೊಸ ಬಟ್ಟೆಯಾದರೆ ಖಂಡಿತ. ಕಾಟನ್ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಜಡೆಯೊಳಗೆ ಒಂದು ಎಳೆ ಮಾತ್ರ ಕುಗ್ಗಿದರೆ ಇಡೀ ಮ್ಯಾಟ್ ಸೊಟ್ಟಗಾಗುತ್ತದೆ. ಕಡು ಕೆಂಪು, ಕಡು ನೀಲಿ, ಕಪ್ಪು ಬಟ್ಟೆಯನ್ನು ಬಿಳಿ ಚಿಂದಿಯ ಜೊತೆ ಅರ್ಧ ಗಂಟೆ ಬೆಚ್ಚಗಿನ ನೀರಲ್ಲಿ ನೆನೆಸಿಡಿ. ಚಿಂದಿಗೆ ಬಣ್ಣ ಹತ್ತಿದರೆ ಇನ್ನೊಂದೆರಡು ಸಲ ಒಗೆಯಿರಿ. ಆಮೇಲೂ ಹತ್ತುತ್ತಿದ್ದರೆ ಅದನ್ನು ತಿಳಿ ಬಣ್ಣದ ಬಟ್ಟೆಯ ಪಕ್ಕ ಇಡಬೇಡಿ.

ಹರಿಯಬೇಕೋ, ಕತ್ತರಿಸಬೇಕೋ?

ನೇಯ್ದ ಕಾಟನ್ ಆದರೆ ಹರಿಯಿರಿ. ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಎಳೆದರೆ ನೂಲಿನ ಸಾಲು ಹಿಡಿದು ನೇರವಾಗಿ ಹರಿಯುತ್ತದೆ. ಕತ್ತರಿಗಿಂತ ಬೇಗ, ಕತ್ತರಿಗಿಂತ ನೇರ. ಧೂಳು, ನವಿರು ಎಳೆಗಳು ಬಹಳ ಹಾರುತ್ತವೆ. ಹೊರಗೆ ಕೂತು ಹರಿಯುವುದು ಒಳ್ಳೆಯದು, ಅಥವಾ ಮೂಗಿಗೆ ಮಾಸ್ಕ್ ಇರಲಿ.

ಟೀ-ಶರ್ಟ್ ಹೆಣಿಗೆಯ ಬಟ್ಟೆ, ಅದು ಹಾಗೆ ಹರಿಯುವುದಿಲ್ಲ. ಅದನ್ನು ಅಡ್ಡಕ್ಕೆ ಕತ್ತರಿಸಿ ಎಳೆದರೆ ಅಂಚು ತಾನೇ ಒಳಗೆ ಸುರುಳಿಯಾಗಿ ದುಂಡನೆ ದಾರದಂತೆ ಆಗುತ್ತದೆ. ಒಂದೇ ಉದ್ದನೆ ಪಟ್ಟಿ ಬೇಕಿದ್ದರೆ ಕಂಕುಳ ಕೆಳಗಿನ ಕೊಳವೆಯಂಥ ಭಾಗ ತೆಗೆದುಕೊಳ್ಳಿ. ಒಂದು ಪಕ್ಕದಿಂದ ಅಡ್ಡಡ್ಡ ಕತ್ತರಿಸುತ್ತಾ ಹೋಗಿ, ಇನ್ನೊಂದು ಪಕ್ಕದಲ್ಲಿ 3 ಸೆಂ.ಮೀ. ಹಾಗೇ ಬಿಡಿ. ಕೊನೆಗೆ ಆ ಬಿಟ್ಟ ಭಾಗವನ್ನು ಬಿಡಿಸಿ ಹರಡಿ, ಒಂದು ಕಚ್ಚಿನಿಂದ ಎದುರಿನ ಮುಂದಿನ ಕಚ್ಚಿಗೆ ಓರೆಯಾಗಿ ಕತ್ತರಿಸಿ. ಇಡೀ ಶರ್ಟ್ ಒಂದೇ ಪಟ್ಟಿಯಾಗುತ್ತದೆ.

ಪಟ್ಟಿಗಳನ್ನು ಹೊಲಿಯದೆ ಜೋಡಿಸಬಹುದಾ?

ಆಗುತ್ತದೆ. ಎರಡೂ ಪಟ್ಟಿಗಳ ತುದಿಯಿಂದ ಒಂದು ಸೆಂ.ಮೀ. ಬಿಟ್ಟು ಗುಂಡಿ ತೂತಿನಂಥ ಸಣ್ಣ ಸೀಳು ಮಾಡಿ. ಹಳೆ ಪಟ್ಟಿಯ ತುದಿಯನ್ನು ಹೊಸ ಪಟ್ಟಿಯ ಸೀಳಿನಲ್ಲಿ ತೂರಿಸಿ. ಈಗ ಹೊಸ ಪಟ್ಟಿಯ ಇನ್ನೊಂದು ತುದಿಯನ್ನು ಹಳೆ ಪಟ್ಟಿಯ ಸೀಳಿನಲ್ಲಿ ತೂರಿಸಿ ಪೂರ್ತಿ ಎಳೆಯಿರಿ. ಎರಡೂ ಕೈಕೈ ಹಿಡಿದಂತೆ ಕೂರುತ್ತವೆ. ಸಣ್ಣ ಉಬ್ಬು ಉಳಿಯುತ್ತದೆ, ದಿನ ಬಳಸುವ ಮ್ಯಾಟ್‌ಗೆ ಅದೇನೂ ತೊಂದರೆಯಲ್ಲ.

ನುಣುಪಾಗಿ ಬರಬೇಕು ಅಂದರೆ ಓರೆ ಹೊಲಿಗೆ ಹಾಕಿ. ಎರಡು ತುದಿಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ಮೂಲೆಯಿಂದ ಮೂಲೆಗೆ ಹೊಲಿದು, ಹೆಚ್ಚಿನ ಬಟ್ಟೆ ಕತ್ತರಿಸಿ. ದಪ್ಪ ಒಂದೇ ಕಡೆ ಗುಡ್ಡೆಯಾಗದೆ ಹರಡಿಕೊಳ್ಳುತ್ತದೆ. ಗಂಟು ಮಾತ್ರ ಹಾಕಬೇಡಿ. ಬರಿಗಾಲಿಗೆ ಅದು ಕಲ್ಲಿನಂತೆ ಸಿಗುತ್ತದೆ, ಮೊದಲು ಸವೆಯುವುದೂ ಅದೇ ಜಾಗ.

ಇನ್ನೊಂದು ಮಾತು. ಮೂರು ಎಳೆಗಳನ್ನೂ ಒಂದೇ ಉದ್ದಕ್ಕೆ ಕತ್ತರಿಸಿದರೆ ಮೂರು ಜೋಡಣೆಯೂ ಒಂದೇ ಕಡೆ ಬರುತ್ತದೆ. ಹಾಗಾಗಿ ಶುರುವಿನಲ್ಲೇ ಒಂದು ಮೊಳ ಹೆಚ್ಚುಕಮ್ಮಿ ಮಾಡಿಕೊಳ್ಳಿ. ಒಂದೂವರೆ ಮೀಟರ್‌ಗಿಂತ ಉದ್ದದ ಪಟ್ಟಿ ಕೆಳಗೆ ಸಿಕ್ಕು ಹಾಕಿಕೊಳ್ಳುತ್ತದೆ. ಸಣ್ಣ ಪಟ್ಟಿ ಹಿಡಿದು, ಮುಗಿದಂತೆ ಸೇರಿಸುತ್ತಾ ಹೋಗುವುದೇ ಸುಲಭ.

ಎಷ್ಟು ಬಟ್ಟೆ ಬೇಕಾಗುತ್ತದೆ?

ಮೊದಲು ಒಂದು ಮಾದರಿ ಮಾಡಿ. ಒಂದೊಂದು ಮೀಟರ್‌ನ ಮೂರು ಪಟ್ಟಿ ಹೆಣೆದು, ಜಡೆಯ ಉದ್ದ ಮತ್ತು ಅಗಲ ಅಳೆದುಕೊಳ್ಳಿ. ನನ್ನ ಕೈಗೆ ಒಂದು ಮೀಟರ್ ಜಡೆಗೆ ಸುಮಾರು 1.4 ಮೀಟರ್ ಪಟ್ಟಿ ಹಿಡಿಯುತ್ತದೆ. ಬಿಗಿಯಾಗಿ ಹೆಣೆಯುವವರಿಗೆ ಇನ್ನೂ ಜಾಸ್ತಿ ಬೇಕು.

ಆಮೇಲೆ ಲೆಕ್ಕ ಸುಲಭ. ಮ್ಯಾಟ್‌ನ ವಿಸ್ತೀರ್ಣವನ್ನು ಜಡೆಯ ಅಗಲದಿಂದ ಭಾಗಿಸಿದರೆ ಜಡೆಯ ಉದ್ದ ಬರುತ್ತದೆ. 60 ಸೆಂ.ಮೀ. ಅಡ್ಡಳತೆಯ ದುಂಡು ಮ್ಯಾಟ್ ಅಂದರೆ ಸುಮಾರು 2,830 ಚದರ ಸೆಂ.ಮೀ. ಜಡೆ 2 ಸೆಂ.ಮೀ. ಅಗಲವಿದ್ದರೆ 14 ಮೀಟರ್ ಜಡೆ ಬೇಕು. ಅದಕ್ಕೆ ಎಳೆಯೊಂದಕ್ಕೆ 20 ಮೀಟರ್, ಮೂರಕ್ಕೆ 60 ಮೀಟರ್ ಪಟ್ಟಿ. 5 ಸೆಂ.ಮೀ. ಅಗಲದ ಪಟ್ಟಿಯಾದರೆ ಒಂದು ಸಿಂಗಲ್ ಬೆಡ್‌ಶೀಟ್ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. 20 ಸೆಂ.ಮೀ.ನ ಸಿಂಬೆಗೆ ಒಂದೂವರೆ ಸೆಂ.ಮೀ. ಅಗಲದ ಜಡೆ ಎರಡು ಮೀಟರ್ ಚಿಲ್ಲರೆ ಸಾಕು. ಒಂದು ಹಳೆ ಶರ್ಟ್‌ನ ಬೆನ್ನು, ತೋಳುಗಳಲ್ಲಿ ಅಷ್ಟು ಸಿಗುತ್ತದೆ. ಮೊದಲ ಸಲಕ್ಕೆ ಸಿಂಬೆಯನ್ನೇ ಮಾಡಿ ಅನ್ನುತ್ತೇನೆ. ಒಂದು ಸಂಜೆಯಲ್ಲಿ ಮುಗಿಯುತ್ತದೆ, ಸುತ್ತುವುದರ ಪಾಠ ಪೂರ್ತಿ ಸಿಗುತ್ತದೆ.

ಪಟ್ಟಿಯ ಅಂಚನ್ನು ಒಳಗೆ ಮಡಚಬೇಕು ಅಂತಾರಲ್ಲ?

ಮಡಚಿದರೆ ಅಂದ, ನೂಲು ಬಿಚ್ಚುವುದಿಲ್ಲ. ಎರಡೂ ಅಂಚನ್ನು ನಡುವಿಗೆ ತಂದು, ಮತ್ತೆ ಅರ್ಧಕ್ಕೆ ಮಡಚುತ್ತಾ ಹೆಣೆಯಬೇಕು. ಪಟ್ಟಿ ನಾಲ್ಕು ಪದರವಾಗುತ್ತದೆ. ಈ ಕ್ರಮ ಹೆಚ್ಚಾಗಿ ಉಣ್ಣೆ ಬಟ್ಟೆಯ ಮ್ಯಾಟ್‌ಗಳಿಂದ ಬಂದದ್ದು. 19ನೇ ಶತಮಾನದಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಮನೆಗಳಲ್ಲಿ ಹಳೆ ಉಣ್ಣೆ ಉಡುಪುಗಳನ್ನು ಪಟ್ಟಿ ಮಾಡಿ ಇಂಥ ಮ್ಯಾಟ್ ಹೆಣೆಯುತ್ತಿದ್ದರು. ಇವತ್ತು ಸಿಗುವ ಎಷ್ಟೋ ಅಳತೆಗಳು ಆ ದಪ್ಪ ಉಣ್ಣೆಗೆ ಹೊಂದುವಂಥವು. ಅವನ್ನು ಹಾಗೇ ತೆಳು ಕಾಟನ್‌ಗೆ ಹಾಕಿದರೆ ಜಡೆ ಸಪ್ಪಗೆ ಬರುತ್ತದೆ. ಎಲ್ಲಿಂದಲೋ ಅಳತೆ ತಂದಾಗ ಅದು ಯಾವ ಬಟ್ಟೆಗೆ ಹೇಳಿದ್ದು ಅಂತ ಮೊದಲು ನೋಡಿ.

ಕಾಟನ್‌ನಲ್ಲಿ ನಾನು ಮಡಚುವುದಿಲ್ಲ, ಸುಮ್ನೆ ಮುದುಡಿ ಹೆಣೆಯುತ್ತೇನೆ. ಮೊದಲ ಎರಡು ಒಗೆತದಲ್ಲಿ ಅಲ್ಲಲ್ಲಿ ನೂಲು ಹೊರಬರುತ್ತದೆ. ಎಳೆಯದೆ ಕತ್ತರಿಸಿದರೆ ಆಯಿತು.

ಜಡೆ ಎಷ್ಟು ಬಿಗಿ ಇರಬೇಕು?

ಎಳೆಗಳ ನಡುವೆ ಸೂಜಿಯ ಮೊಂಡು ತುದಿ ಹೋಗುವಷ್ಟು ಸಡಿಲ, ಬೆರಳು ಹೋಗದಷ್ಟು ಬಿಗಿ. ಕೆಳಮುಖವಾಗಿ ಎಳೆಯಬೇಡಿ, ಪಕ್ಕಕ್ಕೆ ಎಳೆಯಿರಿ. ಪಕ್ಕಕ್ಕೆ ಎಳೆದ ಜಡೆ ಅಗಲವಾಗಿ, ಚಪ್ಪಟೆಯಾಗಿ ಬರುತ್ತದೆ. ತುದಿಯನ್ನು ಮೇಜಿಗೆ ಕ್ಲಿಪ್ ಹಾಕಿ ಅಥವಾ ಬಾಗಿಲ ಹಿಡಿಗೆ ಕಟ್ಟಿಕೊಳ್ಳಿ. ದಿನದ ಕೊನೆಗೆ ದಣಿದ ಕೈ ಸಡಿಲ ಹೆಣೆಯುತ್ತದೆ, ಬೆಳಗಿನ ಕೈ ಬಿಗಿ. ಹಾಗಾಗಿ ಮತ್ತೆ ಕೂತಾಗ ಹಿಂದಿನ ಒಂದು ಗೇಣು ಜಡೆಯ ಪಕ್ಕ ಹೊಸದನ್ನಿಟ್ಟು ಹೋಲಿಸಿ ನೋಡಿ.

ನನ್ನ ಮ್ಯಾಟ್ ಬಟ್ಟಲಿನಂತೆ ಮೇಲೇಳುತ್ತಿದೆ. ಏನು ತಪ್ಪಾಗಿದೆ?

ಹೊರಗಿನ ಸುತ್ತಿಗೆ ಬೇಕಾದಷ್ಟು ಜಡೆ ಸಿಕ್ಕಿಲ್ಲ. ನನ್ನ ಮೊದಲ ಮ್ಯಾಟ್‌ಗೂ ಹೀಗೇ ಆಗಿತ್ತು. ಎಂಟು ಸುತ್ತು ಬಿಚ್ಚಬೇಕಾಯಿತು. ಆಗ ಕಾರಣ ಗೊತ್ತಿರಲಿಲ್ಲ, ಇನ್ನೂ ಬಿಗಿಯಾಗಿ ಎಳೆದು ಹೊಲಿದರೆ ಸರಿಯಾಗಬಹುದು ಅಂದುಕೊಂಡಿದ್ದೆ. ಎಳೆದಷ್ಟೂ ಅದು ಇನ್ನೂ ಮೇಲೆದ್ದಿತು.

ಕಾರಣ ಇದು. ದುಂಡಗೆ ಸುತ್ತುವಾಗ ಪ್ರತಿ ಸುತ್ತೂ ಹಿಂದಿನದಕ್ಕಿಂತ ಉದ್ದವಾಗಬೇಕು. ಎಷ್ಟು ಉದ್ದ ಅಂದರೆ, ಜಡೆಯ ಅಗಲದ ಆರೂಕಾಲು ಪಟ್ಟು. ಜಡೆ 2 ಸೆಂ.ಮೀ. ಇದ್ದರೆ ಸುತ್ತಿಗೆ ಸುಮಾರು 12.5 ಸೆಂ.ಮೀ. ಹೆಚ್ಚು. ಮ್ಯಾಟ್ ತಟ್ಟೆಯಷ್ಟಿರಲಿ, ಕೋಣೆಯಷ್ಟಿರಲಿ, ಈ ಹೆಚ್ಚಳ ಬದಲಾಗುವುದಿಲ್ಲ. ಇದು ಗೊತ್ತಾದ ದಿನದಿಂದ ನನ್ನ ಕೆಲಸವೇ ಹಗುರವಾಯಿತು.

ಇದನ್ನು ಕೈಗೆ ಇಳಿಸುವುದು ಹೀಗೆ. ಮೂರೆಳೆ ಜಡೆಯ ಎರಡೂ ಅಂಚಿನಲ್ಲಿ ಎಳೆ ತಿರುಗುವ ಕಡೆ ಒಂದೊಂದು ಕುಣಿಕೆ ಇರುತ್ತದೆ. ಸೂಜಿಯನ್ನು ಒಳ ಸುತ್ತಿನ ಕುಣಿಕೆಯೊಳಗೆ ತೂರಿಸಿ, ಆಮೇಲೆ ಹೊರ ಸುತ್ತಿನ ಕುಣಿಕೆಯೊಳಗೆ, ಮತ್ತೆ ಒಳಗಿನದಕ್ಕೆ, ಹೀಗೆ ಹೋಗಬೇಕು. ಬಟ್ಟೆಯನ್ನು ಚುಚ್ಚಬಾರದು, ಕುಣಿಕೆಯ ಕೆಳಗೆ ನುಸುಳಬೇಕು. ಒಂದಕ್ಕೆ ಒಂದರಂತೆ ಸೇರಿಸುತ್ತಾ ಹೋದರೆ ಎರಡೂ ಸುತ್ತು ಒಂದೇ ಉದ್ದವಾಗಿ ಬಟ್ಟಲಾಗುತ್ತದೆ. ಹಾಗಾಗಿ ಆಗಾಗ ಹೊರ ಸುತ್ತಿನ ಒಂದು ಕುಣಿಕೆಯನ್ನು ಬಿಟ್ಟು ಮುಂದಿನದನ್ನು ಹಿಡಿಯಬೇಕು. ಕುಣಿಕೆಯ ಉದ್ದ ಜಡೆಯ ಅಗಲದಷ್ಟೇ ಇದ್ದರೆ, ಪ್ರತಿ ಸುತ್ತಿಗೆ ಸುಮಾರು ಆರು ಸಲ ಬಿಟ್ಟರೆ ಮ್ಯಾಟ್ ಚಪ್ಪಟೆಯಾಗಿ ಕೂರುತ್ತದೆ. ಬಿಡುವ ಜಾಗ ಪ್ರತಿ ಸುತ್ತಲ್ಲೂ ಒಂದೇ ಗೆರೆಯಲ್ಲಿ ಬಂದರೆ ಮ್ಯಾಟ್‌ಗೆ ಮೂಲೆ ಮೂಡುತ್ತದೆ. ಸ್ವಲ್ಪ ಆಚೀಚೆ ಮಾಡಿ.

ಮೇಜಿನ ಮೇಲಿಟ್ಟೇ ಹೊಲಿಯಿರಿ. ತೊಡೆಯ ಮೇಲೆ ಇಟ್ಟುಕೊಂಡರೆ ಮ್ಯಾಟ್ ತೊಡೆಯ ಆಕಾರಕ್ಕೆ ಬಾಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸುತ್ತು ಮುಗಿದಾಗಲೆಲ್ಲ ಅಂಗೈಯಿಂದ ಸವರಿ ನೋಡಿ. ಅರ್ಧ ಸುತ್ತಲ್ಲಿ ಕಂಡ ತಪ್ಪನ್ನು ಐದು ನಿಮಿಷದಲ್ಲಿ ಬಿಚ್ಚಬಹುದು.

ನನ್ನದು ಉಲ್ಟಾ. ಅಂಚು ನಿರಿಗೆಯಂತೆ ಅಲೆಅಲೆಯಾಗಿದೆ.

ಕುಣಿಕೆ ಜಾಸ್ತಿ ಬಿಟ್ಟಿದ್ದೀರಿ, ಅಥವಾ ಹೊರಗಿನ ಜಡೆ ಸಡಿಲವಾಗಿದೆ. ಒಂದು ಸುತ್ತು ಏನೂ ಬಿಡದೆ ಒಂದಕ್ಕೊಂದು ಸೇರಿಸಿ ನೋಡಿ. ಅಲೆ ಸಣ್ಣದಾದರೆ ಅಷ್ಟಕ್ಕೇ ಕೂರುತ್ತದೆ. ದೊಡ್ಡದಾದರೆ ಅಲೆ ಶುರುವಾದ ಸುತ್ತಿನವರೆಗೆ ಬಿಚ್ಚಲೇಬೇಕು. ಇಸ್ತ್ರಿ ಇದನ್ನು ಸರಿ ಮಾಡುವುದಿಲ್ಲ.

ಅಂಡಾಕಾರಕ್ಕೆ ನಡುವಿನ ಜಡೆ ಎಷ್ಟು ಉದ್ದ ಇಡಬೇಕು?

ಬೇಕಾದ ಉದ್ದದಿಂದ ಅಗಲವನ್ನು ಕಳೆಯಿರಿ. 90 ಸೆಂ.ಮೀ. ಉದ್ದ, 60 ಅಗಲದ ಮ್ಯಾಟ್‌ಗೆ ನಡುವೆ 30 ಸೆಂ.ಮೀ. ನೇರ ಜಡೆ. ಅದರ ಸುತ್ತ ಹೋಗುವಾಗ ಉದ್ದನೆ ಪಕ್ಕಗಳಲ್ಲಿ ಏನೂ ಬಿಡಬೇಡಿ, ಎರಡು ತಿರುವುಗಳಲ್ಲಿ ಮೂರು ಮೂರು ಕುಣಿಕೆ ಬಿಡಿ.

ಯಾವ ಸೂಜಿ, ಯಾವ ದಾರ? ಮೆಷಿನ್‌ನಲ್ಲಿ ಹೊಲಿಯಬಹುದಾ?

ದಬ್ಬಣ ಇದ್ದರೆ ಅದೇ ಸಾಕು. ಅದರ ಚೂಪು ತುದಿಯನ್ನು ಕಲ್ಲಿಗೆ ಉಜ್ಜಿ ಸ್ವಲ್ಪ ಮೊಂಡು ಮಾಡಿ, ಆಗ ಬಟ್ಟೆ ಸೀಳದೆ ಕುಣಿಕೆಯೊಳಗೆ ನುಸುಳುತ್ತದೆ. ದಪ್ಪ ಕಾಟನ್ ದಾರಕ್ಕೆ ಮೇಣ ಸವರಿಕೊಂಡರೆ ಸಿಕ್ಕಾಗುವುದಿಲ್ಲ. ನೈಲಾನ್ ಮೀನು ದಾರ ಬೇಡ. ಅದು ತಾನು ಹರಿಯುವುದಿಲ್ಲ, ಕಾಟನ್ನನ್ನು ಕೊಯ್ಯುತ್ತದೆ.

ಸಿಂಬೆ, ಬುಟ್ಟಿಯಂಥ ತೆಳು ಜಡೆಯ ಕೆಲಸಕ್ಕೆ ಮೆಷಿನ್ ಚೆನ್ನಾಗಿ ನಡೆಯುತ್ತದೆ. ಎರಡು ಜಡೆ ಒತ್ತಟ್ಟಿಗಿಟ್ಟು ಅಗಲವಾದ ಜಿಗ್‌ಜಾಗ್ ಹೊಲಿಗೆ ಹಾಕಿ. 100 ನಂಬರಿನ ಜೀನ್ಸ್ ಸೂಜಿ ಬಳಸಿ, ನಿಧಾನ ಹೋಗಿ. ದೊಡ್ಡ ದಪ್ಪ ಮ್ಯಾಟ್‌ಗೆ ಕೈಹೊಲಿಗೆಯೇ ಮೇಲು. ಮ್ಯಾಟ್‌ನ ಭಾರ ಮೆಷಿನ್‌ನ ಸೂಜಿಯನ್ನು ಎಳೆದು ಬಾಗಿಸುತ್ತದೆ. ಕೈಹೊಲಿಗೆಯಾದರೆ ದಾರ ಜಡೆಯೊಳಗೆ ಅಡಗಿ, ಮ್ಯಾಟ್ ಎರಡೂ ಮುಖದಲ್ಲಿ ಬಳಸಲು ಬರುತ್ತದೆ.

ಬುಟ್ಟಿ ಮಾಡುವುದು ಹೇಗೆ?

ಮ್ಯಾಟ್‌ನಲ್ಲಿ ತಪ್ಪು ಅಂದದ್ದೇ ಇಲ್ಲಿ ದಾರಿ. ತಳವನ್ನು ಬೇಕಾದಷ್ಟು ಅಗಲಕ್ಕೆ ಚಪ್ಪಟೆಯಾಗಿ ಸುತ್ತಿ. ಆಮೇಲೆ ಜಡೆಯನ್ನು ಪಕ್ಕದಲ್ಲಿಡುವ ಬದಲು ಅಂಚಿನ ಮೇಲೆ ನಿಲ್ಲಿಸಿ, ಒಂದೂ ಕುಣಿಕೆ ಬಿಡದೆ ಸೇರಿಸುತ್ತಾ ಹೋಗಿ. ಗೋಡೆ ನೆಟ್ಟಗೆ ಏಳುತ್ತದೆ. ಹೊರಕ್ಕೆ ಅರಳಬೇಕಿದ್ದರೆ ಸುತ್ತಿಗೆ ಒಂದೆರಡು ಬಿಡಿ. ಹಿಡಿಗೆ ಜಾಗ ಬಂದಾಗ ಒಂದು ಗೇಣು ಜಡೆಯನ್ನು ಹೊಲಿಯದೆ ಬಿಲ್ಲಿನಂತೆ ಬಿಟ್ಟು ಮುಂದೆ ಸೇರಿಸಿ. ಬುಟ್ಟಿಗೆ ಜೀನ್ಸ್ ಒಳ್ಳೆಯದು, ಕುಸಿಯದೆ ನಿಲ್ಲುತ್ತದೆ.

ಬಿಸಿ ಪಾತ್ರೆ ಇಡಲು ಸುರಕ್ಷಿತವಾ?

ನೂರಕ್ಕೆ ನೂರು ಕಾಟನ್ ಅಥವಾ ಉಣ್ಣೆ ಆದರೆ ಹೌದು, ಒಲೆಯಿಂದ ಇಳಿಸಿದ ಪಾತ್ರೆಗೆ. ಹೊಲಿಯುವ ದಾರವೂ ಕಾಟನ್ನೇ ಇರಲಿ, ಇದನ್ನು ಬಹಳ ಜನ ಮರೆಯುತ್ತಾರೆ. ಪಾಲಿಯೆಸ್ಟರ್ 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗಿ ಪಾತ್ರೆಗೆ ಅಂಟಬಹುದು. ಬರಿದಾಗಿ ಕಾದ ಕಬ್ಬಿಣದ ಬಾಣಲೆಯನ್ನು ಯಾವ ಬಟ್ಟೆಯ ಮೇಲೂ ಇಡಬೇಡಿ. ಕಾಟನ್ ಕರಗುವುದಿಲ್ಲ, ಆದರೆ ಸುಡುತ್ತದೆ. ಸಿಂಬೆ ಒದ್ದೆ ಇದ್ದಾಗಲೂ ಬೇಡ, ಶಾಖ ಬೇಗ ದಾಟಿ ಕೆಳಗಿನ ಮೇಜಿಗೆ ಕಲೆಯಾಗುತ್ತದೆ.

ಬೆರಳುದ್ದದ ತುಂಡುಗಳನ್ನು ಏನು ಮಾಡಲಿ?

ಅವನ್ನು ಹುರಿ ಮಾಡಿ. ಎರಡು ಪಟ್ಟಿಗಳ ತುದಿ ಗಂಟು ಹಾಕಿ ಹಿಡಿಯಿರಿ. ಮೇಲಿನ ಎಳೆಯನ್ನು ನಿಮ್ಮಿಂದ ಆಚೆಗೆ ಹೊಸೆದು, ನಿಮ್ಮ ಕಡೆಗೆ ತಂದು ಕೆಳಗಿನದರ ಮೇಲೆ ದಾಟಿಸಿ. ಈಗ ಇನ್ನೊಂದು ಎಳೆ ಮೇಲೆ ಬಂದಿರುತ್ತದೆ, ಅದಕ್ಕೂ ಹಾಗೇ ಮಾಡಿ. ಎಳೆಗಳು ಒಂದು ದಿಕ್ಕಿಗೆ ಬಿಚ್ಚಿಕೊಳ್ಳಲು ನೋಡುತ್ತವೆ, ಹುರಿ ಇನ್ನೊಂದು ದಿಕ್ಕಿಗೆ. ಹಾಗಾಗಿ ಒಂದನ್ನೊಂದು ತಡೆದು ನಿಲ್ಲುತ್ತವೆ. ತುಂಡು ಮುಗಿಯುವ ಮೊದಲೇ ಹೊಸ ತುಂಡನ್ನು ಅದರ ಜೊತೆ ಇಟ್ಟು ಹೊಸೆಯಿರಿ, ಹೊಲಿಗೆ ಬೇಡ. 10 ಸೆಂ.ಮೀ. ತುಂಡೂ ಬಳಕೆಗೆ ಬರುತ್ತದೆ. ಈ ಹುರಿಯಿಂದ ಸಣ್ಣ ಬುಟ್ಟಿ, ಲೋಟದ ಕೋಸ್ಟರ್ ಸುತ್ತಬಹುದು. ಮೂರು ಹುರಿ ಸೇರಿಸಿ ಜಡೆ ಹಾಕಿದರೆ ಚೀಲದ ಹಿಡಿ ಆಗುತ್ತದೆ.

ಮೂರಕ್ಕಿಂತ ಹೆಚ್ಚು ಎಳೆ ಹಾಕಬಹುದಾ?

ಐದು ಎಳೆ ಹಾಕಿ ನೋಡಿ, ಜಡೆ ಅಗಲವಾಗಿ ಚಪ್ಪಟೆಯಾಗಿ ಬರುತ್ತದೆ. ಬಲತುದಿಯ ಎಳೆ ಪಕ್ಕದ್ದರ ಮೇಲೆ, ಅದರಾಚೆಯದರ ಕೆಳಗೆ ಹಾದು ನಡುವೆ ಬರಲಿ. ಆಮೇಲೆ ಎಡತುದಿಯದೂ ಹಾಗೇ. ಸುತ್ತುವ ಮ್ಯಾಟ್‌ಗೆ ಇದು ಬೇಡ, ತಿರುವಿನಲ್ಲಿ ಬಾಗುವುದಿಲ್ಲ. ನೇರ ಸಾಲುಗಳ ಟೇಬಲ್ ಮ್ಯಾಟ್‌ಗೆ ಚೆನ್ನ.

ಹತ್ತಾರು ಬಣ್ಣದ ತುಂಡುಗಳಿವೆ. ಗಜಿಬಿಜಿ ಆಗದಂತೆ ಏನು ಮಾಡಬೇಕು?

ಮೂರರಲ್ಲಿ ಒಂದು ಎಳೆಯನ್ನು ಶುರುವಿನಿಂದ ಕೊನೆವರೆಗೆ ಒಂದೇ ಬಣ್ಣದಲ್ಲಿ ಇಡಿ. ಉಳಿದ ಎರಡು ಹೇಗಾದರೂ ಬದಲಾಗಲಿ. ಆ ಒಂದು ಎಳೆ ಎಲ್ಲವನ್ನೂ ಹಿಡಿದಿಡುತ್ತದೆ. ಒಂದೊಂದೇ ಎಳೆಯ ಬಣ್ಣ ಬದಲಿಸಿದರೆ ಸುತ್ತುಗಳು ಮೆಲ್ಲಗೆ ಬಣ್ಣ ತಿರುಗುತ್ತವೆ, ನೋಡಲು ಬಹಳ ಚಂದ. ದೊಡ್ಡ ಹೂವಿನ ಪ್ರಿಂಟ್ ಜಡೆಯಲ್ಲಿ ಕಾಣುವುದಿಲ್ಲ, ಬಣ್ಣದ ಚುಕ್ಕೆಗಳಷ್ಟೇ ಉಳಿಯುತ್ತವೆ. ಇಷ್ಟದ ಪ್ರಿಂಟ್ ಇದ್ದರೆ ಅದನ್ನು ಬೇರೆ ಕೆಲಸಕ್ಕೆ ತೆಗೆದಿಡಿ.

ಕೊನೆಯನ್ನು ಹೇಗೆ ಮುಗಿಸುವುದು?

ಕೊನೆಯ 25 ಸೆಂ.ಮೀ.ನಲ್ಲಿ ಮೂರೂ ಪಟ್ಟಿಗಳನ್ನು ತುದಿಗೆ ಹೋದಂತೆ ಸಣ್ಣಗೆ ಕತ್ತರಿಸಿ. ಜಡೆ ಇಲಿಬಾಲದಂತೆ ಸಪೂರವಾಗಿ ಹಿಂದಿನ ಸುತ್ತಿಗೆ ಅಂಟಿ ಮುಗಿಯುತ್ತದೆ. ಉಳಿದ ತುದಿಗಳನ್ನು ದಬ್ಬಣದಿಂದ ಪಕ್ಕದ ಕುಣಿಕೆಗಳೊಳಗೆ ತೂರಿಸಿ ನಾಲ್ಕು ಹೊಲಿಗೆ ಹಾಕಿ.

ಒಗೆಯುವುದು ಹೇಗೆ?

ಸೋಪಿನ ನೀರಲ್ಲಿ ನೆನೆಸಿ, ಕೈಯಿಂದ ಒತ್ತಿ ಒತ್ತಿ ಕೊಳೆ ಬಿಡಿಸಿ. ಹಿಂಡಬೇಡಿ. ಹಳೆ ಟವೆಲ್‌ನಲ್ಲಿ ಸುರುಳಿ ಸುತ್ತಿ ತುಳಿದರೆ ನೀರು ಇಳಿಯುತ್ತದೆ. ಹಗ್ಗದ ಮೇಲೆ ನೇತುಹಾಕಬೇಡಿ. ಒದ್ದೆ ಜಡೆಗೆ ಭಾರ ಜಾಸ್ತಿ, ಮ್ಯಾಟ್ ಜೋತು ಆಕಾರ ಕೆಡುತ್ತದೆ. ಹರಡಿ ಒಣಗಿಸಿ, ಮಧ್ಯೆ ಮಗುಚಿ. ಮೇಲೆ ಒಣಗಿದಂತೆ ಕಂಡರೂ ಎಳೆಗಳ ಒಳಗೆ ತೇವ ಉಳಿದಿರುತ್ತದೆ. ಬೆರಳಿನಿಂದ ಒತ್ತಿ ನೋಡದೆ ಎತ್ತಿಟ್ಟರೆ ಮುಗ್ಗಲು ವಾಸನೆ ಬರುತ್ತದೆ.

ನೆಲದ ಮೇಲೆ ಜಾರುತ್ತದೆ.

ಕೆಳಗೆ ರಬ್ಬರ್ ಜಾಲಿಯ ಹಾಳೆ ಹಾಸಿ. ಮೆಟ್ಟಿಲ ತುದಿಯಲ್ಲಿ ಮಾತ್ರ ಹಾಕಲೇಬೇಡಿ, ಏನು ಹಾಸಿದರೂ.

ಒಂದು ಕಡೆ ಎಳೆ ಹರಿದಿದೆ. ಇಡೀ ಮ್ಯಾಟ್ ಬಿಚ್ಚಬೇಕಾ?

ಬೇಡ. ಹರಿದ ಕುಣಿಕೆ ಒಂದೇ ಆದರೆ ಅದೇ ದಪ್ಪದ ಹೊಸ ಪಟ್ಟಿಯನ್ನು ದಬ್ಬಣಕ್ಕೆ ಪೋಣಿಸಿ, ಹಳೆ ಎಳೆ ಹೋದ ದಾರಿಯಲ್ಲೇ ನಾಲ್ಕೈದು ಕುಣಿಕೆ ಹಿಂದಿನಿಂದ ನಾಲ್ಕೈದು ಕುಣಿಕೆ ಮುಂದಿನವರೆಗೆ ಓಡಿಸಿ. ತುದಿಗಳನ್ನು ಒಳಗೆ ಸೇರಿಸಿ ಹೊಲಿದರೆ ಮುಗಿಯಿತು. ಹೊರಗಿನ ಸುತ್ತು ಪೂರ್ತಿ ಸವೆದಿದ್ದರೆ ಆ ಸುತ್ತನ್ನಷ್ಟೇ ಬಿಚ್ಚಿ ಹೊಸ ಜಡೆ ಸೇರಿಸಿ. ನಡು ಸವೆದಿದ್ದರೆ ಕಷ್ಟ ಸ್ವಲ್ಪ ಜಾಸ್ತಿ. ಸವೆದ ಸುತ್ತುಗಳನ್ನು ತೆಗೆದು, ಆ ತೂತಿನ ಅಳತೆಗೆ ಒಂದು ಸಿಂಬೆ ಸುತ್ತಿ ಒಳಗೆ ಕೂರಿಸಬೇಕು. ಉಳಿದ ಮ್ಯಾಟ್ ತೆರೆದುಕೊಳ್ಳದಂತೆ, ಬಿಚ್ಚುವ ಮೊದಲೇ ಒಳ ಅಂಚಿನ ಸುತ್ತ ಸೇಫ್ಟಿ ಪಿನ್ ಹಾಕಿಕೊಳ್ಳಿ.